ವಿಹಾರಕ್ಕೆ ಬಂದವರು

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಹಾದಿಯಲ್ಲಿರುವ ತೆರಕಣಾಂಬಿಯ ಹೆಸರು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಒಬ್ಬ ಜೈನ ಕವಿಯೊಡನೆ ಸೇರಿಕೊಂಡಿದೆ. ಸುಮಾರು ೧೪೮೫ರ ವೇಳೆಯಲ್ಲಿದ್ದ ತೆರಕಣಾಂಬಿ ಬೊಮ್ಮರಸನು ‘ಸನತ್ಕುಮಾರ ಚರಿತೆ’, ‘ಜೀವಂಧರ ಸಾಂಗತ್ಯ’ ಎಂಬ ಎರಡು ಕಾವ್ಯಗಳನ್ನು ರಚಿಸಿದನು. ಸನತ್ಕುಮಾರ ಚಕ್ರವರ್ತಿಯ ವೃತ್ತಾಂತವು ಜೈನ ಕಥಾಕೋಶಗಳಲ್ಲಿ ಬಹು ಪ್ರಸಿದ್ಧವಾದುದು. ದೇವೇಂದ್ರನು ಅವನ ರೂಪವನ್ನು ಹೊಗಳಿದ್ದನ್ನು ಕೇಳಿ ಇಬ್ಬರು ದೇವತೆಗಳು ವೇಷ ಮರೆಸಿಕೊಂಡು ಅವನನ್ನು ನೋಡಲು ಬರುತ್ತಾರೆ. ವ್ಯಾಯಾಮಶಾಲೆಯಲ್ಲಿ ಮೈಯೆಲ್ಲ ಧೂಳಾಗಿದ್ದ ಅರಸನನ್ನು ಕಂಡು ಬೆರಗಾಗುತ್ತಾರೆ. ಸಿಂಗರಿಸಿಕೊಂಡು ಸಿಂಹಾಸನವೇರಿದ ಮೇಲೆ ಬಂದು ನೋಡಿರೆಂದು ಅರಸನು ಬಿಂಕದಿಂದ ಹೇಳುತ್ತಾನೆ. ಮತ್ತೆ ಬಂದವರು ತಲೆಯಾಡಿಸಿ ಮರುಗುತ್ತಾರೆ. ಆ ರೂಪವು ಅಷ್ಟರಲ್ಲಿಯೇ ಕುಂದಿದೆ. ಸಭಿಕರಿಗೆ ಅದು ಕಾಣುವುದಿಲ್ಲ. ತುಂಬಿದ ಕೊಡದಿಂದ ಅವರಿಗೆ ತಿಳಿಯದಂತೆ ಒಂದು ಹನಿ ನೀರನ್ನು ತೆಗೆದು, ಕೊಡವು ಮೊದಲಿನಂತೆಯೇ ಇದೆಯೇ ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ. ಮಾತಿನ ತಿರುಳನ್ನು ತಿಳಿದವನು ಚಕ್ರವರ್ತಿಯೊಬ್ಬನೇ. ಅವನು ರಾಜ್ಯವನ್ನು ತೊರೆದು ತಪಸ್ಸಿಗೆ ಹೊರಟನು.

ಹೋಗಿ ನೋಡಿ ಬರುವುದೆಂಬ ಕ್ರಿಯೆಯನ್ನು ಇಷ್ಟು ಕಟ್ಟುನಿಟ್ಟಾಗಿ ಪರೀಕ್ಷಿಸಿದ ಕಥೆಗಳು ವಿರಳ. ಕಳೆದ ಕೆಲವು ದಶಕಗಳಲ್ಲಿ ಕನ್ನಡದ ವಾರಪತ್ರಿಕೆಗಳಲ್ಲಿಯೂ ದಿನಪತ್ರಿಕೆಗಳ ಪುರವಣಿಗಳಲ್ಲಿಯೂ ಹೇರಳವಾಗಿ ಬರುತ್ತಿರುವ ಪ್ರವಾಸ ಲೇಖನಗಳನ್ನು, ವಿಶೇಷವಾಗಿ ಕಾಡಿನಂಚಿನ ಬೌದ್ಧ ವಿಹಾರಗಳನ್ನು ಕುರಿತ ಬರಹಗಳನ್ನು, ಆ ಕೊಡದ ಪಕ್ಕದಲ್ಲಿಟ್ಟು ನೋಡಿದರೆ ಅವುಗಳ ಬಡತನವು ತಿಳಿಯುತ್ತದೆ. ಎಲ್ಲವುಗಳಲ್ಲಿಯೂ ಒಂದೇ ಕ್ರಮ: ಊರಿನ ಗದ್ದಲ, ಹಸಿರು ದಾರಿ, ಬಣ್ಣದ ಪತಾಕೆಗಳು, ಚಿನ್ನದ ಬುದ್ಧ, ಕೆಂಪು ವಸ್ತ್ರದ ಬಾಲ ಭಿಕ್ಷುಗಳು, ಕೊನೆಗೆ ‘ಮನಸ್ಸು ಹಗುರವಾಯಿತು’ ಎಂಬ ವಾಕ್ಯ. ‘ಪ್ರಶಾಂತ’ ಎಂಬ ವಿಶೇಷಣವಿಲ್ಲದ ಇಂಥ ಲೇಖನವನ್ನು ಹುಡುಕುವುದು ಕಷ್ಟ. ಅಲ್ಲಿ ಯಾರು ವಾಸಿಸುತ್ತಾರೆ, ಏನನ್ನು ಓದುತ್ತಾರೆ, ಯಾವ ವ್ರತವನ್ನು ಪಾಲಿಸುತ್ತಾರೆ, ಆ ನೆಲಕ್ಕೆ ಹೇಗೆ ಬಂದರು ಎಂಬ ಪ್ರಶ್ನೆಗಳು ಏಳುವುದೇ ಇಲ್ಲ. ಜೈನ ಕುಟುಂಬಗಳ ಪ್ರವಾಸದಲ್ಲಿಯೂ ಈ ವಿಹಾರಗಳು ಸೇರಿಕೊಳ್ಳುತ್ತಿರುವುದರಿಂದ, ಬಸದಿಗಳ ಟ್ರಸ್ಟುಗಳೇ ಯಾತ್ರೆಯ ಬಸ್ಸುಗಳನ್ನು ಏರ್ಪಡಿಸುತ್ತಿರುವುದರಿಂದ, ಈ ದೃಷ್ಟಿದೋಷವನ್ನು ಪರಿಶೀಲಿಸುವುದು ಅಗತ್ಯವಾಗಿದೆ.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ತೆರಕಣಾಂಬಿಯಿಂದ ಪೂರ್ವಕ್ಕೆ ಚಾಮರಾಜನಗರ, ಅಲ್ಲಿಂದ ಕೊಳ್ಳೇಗಾಲ, ಮುಂದೆ ಲೊಕ್ಕನಹಳ್ಳಿಯ ಹಾದಿ ಹಿಡಿದರೆ ಒಡೆಯರಪಾಳ್ಯ. ಈಗಿನ ಹನೂರು ತಾಲ್ಲೂಕಿಗೆ ಸೇರಿದ ಈ ಪ್ರದೇಶದಲ್ಲಿ ೧೯೭೩-೭೪ರಲ್ಲಿ ಧೋಂಡೆನ್‌ಲಿಂಗ್ ಎಂಬ ಟಿಬೆಟನ್ ನಿರಾಶ್ರಿತರ ನೆಲೆಯು ಆರಂಭವಾಯಿತು. ೧೯೫೯ರ ನಂತರ ತಾಯ್ನಾಡನ್ನು ಬಿಟ್ಟು ಬಂದವರಿಗೆ ಅಂದಿನ ಮೈಸೂರು ರಾಜ್ಯವು ಮೊದಲು ಬೈಲಕುಪ್ಪೆಯಲ್ಲಿ ಭೂಮಿ ಕೊಟ್ಟಿತು. ಬಳಿಕ ಮುಂಡಗೋಡು, ಹುಣಸೂರಿನ ಬಳಿಯ ಗುರುಪುರ, ಕಡೆಯದಾಗಿ ಒಡೆಯರಪಾಳ್ಯ. ಟಿಬೆಟ್ಟಿನ ಪೂರ್ವಭಾಗದಲ್ಲಿ ೧೬೮೪ರಲ್ಲಿ ಸ್ಥಾಪನೆಯಾಗಿ, ನ್ಯಿಂಗ್ಮ ಪರಂಪರೆಯ ಆರು ಮುಖ್ಯ ವಿಹಾರಗಳಲ್ಲಿ ಒಂದೆನಿಸಿದ ಝೋಗ್‌ಚೆನ್ ವಿಹಾರವು ಈ ನೆಲೆಯಲ್ಲಿ ಮತ್ತೊಮ್ಮೆ ಕಟ್ಟಲ್ಪಟ್ಟಿತು. ೧೯೯೨ರ ಜನವರಿಯಲ್ಲಿ ಹದಿನಾಲ್ಕನೆಯ ದಲೈ ಲಾಮಾ ಅವರು ಅದನ್ನು ಉದ್ಘಾಟಿಸಿದರು. ಬೈಲಕುಪ್ಪೆಯಷ್ಟು ಜನಸಂದಣಿ ಇಲ್ಲಿಗಿಲ್ಲ. ಸುತ್ತ ಮುಸುಕಿನ ಜೋಳದ ಹೊಲಗಳು, ಹೊಲದಾಚೆ ಬಿಳಿಗಿರಿರಂಗನಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟಗಳ ಕಾಡು. ಪ್ರವಾಸ ಲೇಖಕನು ಬಯಸುವ ಎಲ್ಲವೂ ಇಲ್ಲಿ ಸಿದ್ಧವಾಗಿರುವಂತೆ ಕಾಣುತ್ತದೆ.

ಕಾಣುತ್ತದೆ, ಅಷ್ಟೆ. ಮೊದಲನೆಯದಾಗಿ, ಈ ವಿಹಾರವು ನಿಶ್ಶಬ್ದವಾದ ಸ್ಥಳವಲ್ಲ. ಟಿಬೆಟನ್ ಪೂಜಾವಿಧಿಯಲ್ಲಿ ಆಳೆತ್ತರವನ್ನು ಮೀರಿದ ಉದ್ದನೆಯ ಕಹಳೆಗಳು ಮೊಳಗುತ್ತವೆ. ಕಂಚಿನ ತಾಳ, ದೊಡ್ಡ ನಗಾರಿ, ನೂರಾರು ಕಂಠಗಳ ಮಂದ್ರಸ್ಥಾಯಿಯ ಪಠನ ಗಂಟೆಗಟ್ಟಲೆ ನಡೆಯುತ್ತದೆ. ಪಾಠ ಒಪ್ಪಿಸುವ ಬಾಲಕರು ಗಟ್ಟಿಯಾಗಿ ಕೂಗಿಯೇ ಒಪ್ಪಿಸುತ್ತಾರೆ. ಪೂಜೆಯ ವೇಳೆ ತಪ್ಪಿಸಿ ಮಧ್ಯಾಹ್ನದಲ್ಲಿ ಬಂದು ಹೋಗುವ ಪ್ರವಾಸಿಗೆ ಸಿಗುವ ನಿಶ್ಶಬ್ದವು ವಿಹಾರದ ನಿಶ್ಶಬ್ದವಲ್ಲ, ಬಿಡುವಿನ ನಿಶ್ಶಬ್ದ. ಅದನ್ನೇ ಬುದ್ಧನ ಶಾಂತಿಯೆಂದು ಬರೆಯುವುದು ಸಭಿಕರು ಕೊಡವನ್ನು ನೋಡಿದಂತೆ.

ಎರಡನೆಯದು ಕಾಡಿನ ವಿಷಯ. ಮೇಲೆ ಹೇಳಿದ ಹೊಲಗಳೆಲ್ಲವೂ ಕಾಡು ಕಡಿದು ಮಾಡಿದವು. ಕರ್ನಾಟಕದ ಟಿಬೆಟನ್ ನೆಲೆಗಳ ಮೊದಲ ತಲೆಮಾರು ತಂಪುನಾಡಿನಿಂದ ಬಂದು ಈ ಸೆಕೆಯಲ್ಲಿ ಮರ ಕಡಿದು, ಬೇರು ಕಿತ್ತು, ಆನೆಗಳನ್ನು ಎದುರಿಸಿ ಹೊಲ ಮಾಡಿಕೊಂಡಿತು. ಇದರ ಜೊತೆಗೆ ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ, ಇದೇ ೧೯೭೪ರಲ್ಲಿ ಬಿಳಿಗಿರಿರಂಗನಬೆಟ್ಟವನ್ನು ಅಭಯಾರಣ್ಯವೆಂದು ಸಾರಲಾಯಿತು. ಪೋಡುಗಳಲ್ಲಿದ್ದ ಸೋಲಿಗರ ಕಾಡು ಬೇಸಾಯ ನಿಂತುಹೋಯಿತು, ಅನೇಕರು ತಮ್ಮ ಮೂಲ ನೆಲೆಗಳನ್ನು ಬಿಡಬೇಕಾಯಿತು. ಅವರ ಸಾಮುದಾಯಿಕ ಅರಣ್ಯ ಹಕ್ಕುಗಳಿಗೆ ಮನ್ನಣೆ ದೊರೆತದ್ದು ೨೦೧೧ರಲ್ಲಿ. ಹೀಗೆ ಮನೆ ಕಳೆದುಕೊಂಡ ಒಂದು ಜನಕ್ಕೆ ನೆಲೆ ಸಿಕ್ಕ ಕಾಲದಲ್ಲಿಯೇ, ಅದೇ ಬೆಟ್ಟಸಾಲಿನಲ್ಲಿ, ಇನ್ನೊಂದು ಜನದ ನೆಲೆ ಅಲುಗಿತು. ಯಾರ ತಪ್ಪೆಂದು ನಿರ್ಣಯಿಸುವುದು ಇಲ್ಲಿನ ಉದ್ದೇಶವಲ್ಲ. ನಿರಾಶ್ರಿತರಂತೂ ಆ ನಿರ್ಣಯವನ್ನು ಮಾಡಿದವರಲ್ಲ. ಆದರೆ ‘ಜನರಿಲ್ಲದ ಶಾಂತ ಕಾಡು’ ಎಂದು ಬರೆಯುವ ಲೇಖನಿಗೆ ಇದು ತಿಳಿದಿರಬೇಕು.

ಅರಣ್ಯವೆಂದರೆ ವಿಶ್ರಾಂತಿಯೆಂಬ ಭಾವನೆಯು ಬೌದ್ಧರದೂ ಅಲ್ಲ, ಜೈನರದೂ ಅಲ್ಲ, ಅದು ಪೇಟೆಯಲ್ಲಿರುವವರದು. ಪಾಲಿ ಮಜ್ಝಿಮ ನಿಕಾಯದ ಭಯಭೇರವ ಸುತ್ತದಲ್ಲಿ ಬುದ್ಧನು ವಿವರಿಸುವುದು ಕಾಡಿನ ಸೊಗಸನ್ನಲ್ಲ. ಮೃಗವೊಂದು ಬಳಿಯಲ್ಲಿ ಸುಳಿದಾಗ, ನವಿಲು ಕಡ್ಡಿಯನ್ನು ಮುರಿದಾಗ ಏಕಾಂಗಿಯ ಎದೆಯಲ್ಲಿ ಏಳುವ ಭಯವನ್ನು ಅವನು ಹೇಳುತ್ತಾನೆ. ಆ ಭಯವು ಬಂದ ಭಂಗಿಯಲ್ಲಿಯೇ, ನಿಂತಿದ್ದರೆ ನಿಂತಂತೆ, ನಡೆಯುತ್ತಿದ್ದರೆ ನಡೆಯುತ್ತಲೇ, ಅದನ್ನು ಗೆದ್ದ ಬಗೆಯನ್ನು ಹೇಳುತ್ತಾನೆ. ಥಾಯ್ಲೆಂಡಿನ ಅರಣ್ಯವಾಸಿ ಭಿಕ್ಷುಗಳ ಪರಂಪರೆಯು ಇಂದಿಗೂ ಕಾಡನ್ನು ಇದೇ ಅರ್ಥದಲ್ಲಿ ಬಳಸುತ್ತದೆ. ಅಜಾನ್ ಚಾ ಅವರು ೧೯೫೪ರಲ್ಲಿ ಉಬೋನ್ ಪ್ರಾಂತ್ಯದ ತಮ್ಮ ಊರಿನ ಬಳಿಯ ಕಾಡಿನಲ್ಲಿ ನೆಲೆಸಿದಾಗ ಅಲ್ಲಿ ಮಲೇರಿಯ ಜ್ವರವೇ ಮೊದಲ ಪರೀಕ್ಷೆಯಾಯಿತು. ಜೈನ ಗ್ರಂಥಗಳಲ್ಲಿ ಈ ಮಾತಿಗೆ ಬೇರೆ ಆಧಾರ ಬೇಕಿಲ್ಲ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಎಣಿಸಿದ ಇಪ್ಪತ್ತೆರಡು ಪರೀಷಹಗಳಲ್ಲಿ ಸೊಳ್ಳೆ ನೊಣಗಳ ಕಡಿತವೂ ಒಂದು. ಸೊಳ್ಳೆಬತ್ತಿ ಹಚ್ಚಿಟ್ಟು ಅತಿಥಿಗೃಹದ ಜಗಲಿಯಲ್ಲಿ ಕುಳಿತು ಕಾಡಿನ ಶಾಂತಿಯನ್ನು ವರ್ಣಿಸುವವರು ಆ ಸೂತ್ರವನ್ನು ಒಮ್ಮೆ ತೆರೆದು ನೋಡಬಹುದು.

ಈ ದೋಷವು ಒಂದು ಪದದಲ್ಲಿಯೇ ಅಡಗಿದೆ. ಕನ್ನಡದಲ್ಲಿ ‘ವಿಹಾರ’ವೆಂದರೆ ಇಂದು ಸಾಮಾನ್ಯ ಅರ್ಥ ಮನರಂಜನೆಯ ತಿರುಗಾಟ: ವಾಯುವಿಹಾರ, ದೋಣಿವಿಹಾರ, ವಿಹಾರಧಾಮ. ಬೌದ್ಧರಲ್ಲಿ ಅದು ಭಿಕ್ಷುಗಳು ನೆಲೆನಿಲ್ಲುವ ಮನೆ. ಜೈನರಲ್ಲಿ ಅದು ಮುನಿಗಳು ಒಂದೆಡೆ ನೆಲೆನಿಲ್ಲದೆ ಬರಿಗಾಲಿನಲ್ಲಿ ಊರಿಂದೂರಿಗೆ ನಡೆಯುವುದು. ‘ಮಹಾರಾಜರ ವಿಹಾರವಾಯಿತು’ ಎಂದು ಶ್ರಾವಕರು ಹೇಳುವಾಗ ಅಲ್ಲಿ ಮನರಂಜನೆಯ ಸುಳಿವೂ ಇರುವುದಿಲ್ಲ. ಮೂರು ಅರ್ಥಗಳಲ್ಲಿ ಎರಡು ಕಠಿಣವಾದುವು. ಬಸ್ಸಿನಿಂದಿಳಿಯುವ ಯಾತ್ರಿಕನು ಮೂರನೆಯದನ್ನು ಮಾತ್ರ ಜೊತೆಯಲ್ಲಿ ತರುತ್ತಾನೆ.

ಬೌದ್ಧ ವಿಹಾರವನ್ನು ಹೊಕ್ಕ ಜೈನರ ಕಥೆಯೊಂದು ಶ್ರಾವಕರ ಮನೆಗಳಲ್ಲಿ ಶತಮಾನಗಳಿಂದ ಹೇಳಲ್ಪಡುತ್ತಿದೆ. ಅದು ಅಕಲಂಕ-ನಿಕಲಂಕರದು. ಕನ್ನಡದಲ್ಲಿ ಅದನ್ನು ವಿಸ್ತಾರವಾಗಿ ಬರೆದಿಟ್ಟವನು ತೆರಕಣಾಂಬಿಯ ಆಸುಪಾಸಿನವನೇ: ಚಾಮರಾಜನಗರ ತಾಲ್ಲೂಕಿನ ಮಲೆಯೂರು ಕನಕಗಿರಿಯ ದೇವಚಂದ್ರ. ಕರ್ನಲ್ ಮೆಕೆಂಜಿಯ ಸ್ಥಳಚರಿತ್ರೆಯ ಸಂಗ್ರಹಕಾರ್ಯಕ್ಕೆ ನೆರವಾದ ಆತನು ‘ರಾಜಾವಳೀ ಕಥೆ’ಯನ್ನು ರಚಿಸಿದ್ದು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ. ಕಥೆಯ ಪ್ರಕಾರ ಸೋದರರಿಬ್ಬರು ತಮ್ಮ ಮತವನ್ನು ಮರೆಸಿಕೊಂಡು ಬೌದ್ಧರ ಮಠದಲ್ಲಿ ತರ್ಕಶಾಸ್ತ್ರವನ್ನು ಕಲಿಯುತ್ತಾರೆ. ಅನುಮಾನ ಬಂದ ಗುರುವು ಜಿನಬಿಂಬವನ್ನು ದಾಟಿ ಹೋಗಿರೆಂದು ಪರೀಕ್ಷೆ ಇಡುತ್ತಾನೆ. ಬಿಂಬದ ಮೇಲೊಂದು ನೂಲನ್ನಿಟ್ಟು, ಅದು ಇನ್ನು ನಿರ್ಗ್ರಂಥವಲ್ಲವೆಂದು ಭಾವಿಸಿ ದಾಟುತ್ತಾರೆ. ಕೊನೆಗೆ ಸಿಕ್ಕಿಬಿದ್ದು ಓಡುವಾಗ ನಿಕಲಂಕನು ಪ್ರಾಣ ಕೊಟ್ಟು ಅಣ್ಣನನ್ನು ಉಳಿಸುತ್ತಾನೆ. ಮುಂದೆ ಹಿಮಶೀತಲ ರಾಜನ ಸಭೆಯಲ್ಲಿ ಅಕಲಂಕನು ಬೌದ್ಧರೊಡನೆ ವಾದಿಸುವಾಗ, ತೆರೆಯ ಹಿಂದಿನ ಕೊಡದಲ್ಲಿ ನೆಲೆಸಿ ಅವರ ಪರವಾಗಿ ಉತ್ತರ ಕೊಡುತ್ತಿದ್ದ ತಾರಾದೇವಿಯನ್ನು ಕಂಡುಹಿಡಿದು ಆ ಕೊಡವನ್ನು ಕಾಲಿನಿಂದ ಒಡೆಯುತ್ತಾನೆ.

ಈ ಕಥೆಯಿಂದ ಮನೆಗಳಲ್ಲಿ ಉಳಿದಿರುವುದು ಒಡೆದ ಕೊಡ ಮಾತ್ರ. ಬೌದ್ಧರು ಕಪಟಿಗಳು, ಜೈನರು ಗೆದ್ದರು ಎಂಬಷ್ಟಕ್ಕೆ ಅದು ಸವೆದಿದೆ. ಶ್ರವಣಬೆಳಗೊಳದ ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿರುವ ೧೧೨೯ರ ಮಲ್ಲಿಷೇಣ ಪ್ರಶಸ್ತಿಯು ಇದೇ ಪ್ರಸಂಗವನ್ನು ಹೇಳುವಾಗ ತೋರಿಸುವ ಎಚ್ಚರವು ಬೇರೆಯೇ ತೆರನಾದುದು. ಅಲ್ಲಿ ಅಕಲಂಕನು ಈ ಕೆಲಸವನ್ನು ಅಹಂಕಾರದಿಂದಲೂ ಮಾಡಲಿಲ್ಲ, ದ್ವೇಷದಿಂದಲೂ ಮಾಡಲಿಲ್ಲ. ನೈರಾತ್ಮ್ಯವಾದವನ್ನು ನಂಬಿ ಕೆಡುತ್ತಿದ್ದ ಜನರ ಮೇಲಣ ಕರುಣೆಯಿಂದ ಮಾಡಿದನು ಎಂಬರ್ಥದ ಮಾತು ಬರುತ್ತದೆ. ಪ್ರತಿಪಕ್ಷದ ಸೋಲನ್ನು ಕಲ್ಲಿನಲ್ಲಿ ಕೆತ್ತಿಸುವಾಗಲೂ ದ್ವೇಷವಿಲ್ಲವೆಂದು ಹೇಳಬೇಕೆನ್ನಿಸಿದ್ದು ಸಣ್ಣ ಸಂಗತಿಯಲ್ಲ. ಇನ್ನೂ ಮುಖ್ಯವಾದುದು ಕಥೆಯ ಮೊದಲರ್ಧ. ಅವರು ವಿಹಾರಕ್ಕೆ ಹೋದದ್ದು ಕಲಿಯಲಿಕ್ಕೆ. ಚರಿತ್ರೆಯ ಅಕಲಂಕನು ಧರ್ಮಕೀರ್ತಿಯನ್ನು ಎಷ್ಟು ಆಳವಾಗಿ ಓದಿದ್ದನೆಂಬುದಕ್ಕೆ ಅವನ ‘ನ್ಯಾಯವಿನಿಶ್ಚಯ’ವೇ ಸಾಕ್ಷಿ. ವಸ್ತುವೆಲ್ಲವೂ ಅನೇಕಾಂತಾತ್ಮಕವಾದರೆ, ಮೊಸರು ತಿನ್ನೆಂದಾಗ ಮನುಷ್ಯನು ಒಂಟೆಯ ಕಡೆಗೆ ಏಕೆ ಓಡುವುದಿಲ್ಲ ಎಂದು ಧರ್ಮಕೀರ್ತಿಯು ಜೈನರನ್ನು ಹಾಸ್ಯ ಮಾಡಿದ್ದನು. ಅದಕ್ಕೆ ಅಕಲಂಕನ ಉತ್ತರದ ಸಾರ ಇದು: ಸುಗತನು ಹಿಂದೊಂದು ಜನ್ಮದಲ್ಲಿ ಜಿಂಕೆಯಾಗಿದ್ದನು, ಆ ಜಿಂಕೆಯೇ ಮುಂದೆ ಸುಗತನಾದನು, ಆದರೂ ಸುಗತನನ್ನು ವಂದಿಸುತ್ತೀರಿ, ಜಿಂಕೆಯನ್ನು ತಿನ್ನಬಹುದೆನ್ನುತ್ತೀರಿ, ದ್ರವ್ಯ ಒಂದೇ ಆದರೂ ಪರ್ಯಾಯಗಳನ್ನು ನೀವೂ ಬೇರೆಯಾಗಿಯೇ ನಡೆಸಿಕೊಳ್ಳುತ್ತೀರಲ್ಲವೆ? ಎದುರಾಳಿಯ ಜಾತಕಕಥೆಯನ್ನು ಬಲ್ಲವನು ಮಾತ್ರ ಕೊಡಬಹುದಾದ ಉತ್ತರವಿದು.

ಆ ಧರ್ಮಕೀರ್ತಿಯ ಗ್ರಂಥಗಳು ಭಾರತದಲ್ಲಿ ಮರೆಯಾಗಿ, ಟಿಬೆಟ್ಟಿನ ವಿಹಾರಗಳಲ್ಲಿ ಅನುವಾದಗಳಾಗಿ ಉಳಿದುವು. ೧೯೩೦ರ ದಶಕದಲ್ಲಿ ರಾಹುಲ ಸಾಂಕೃತ್ಯಾಯನರು ಅಲ್ಲಿಂದಲೇ ಅವುಗಳ ಸಂಸ್ಕೃತ ಮೂಲದ ಪ್ರತಿಗಳನ್ನು ಹುಡುಕಿ ತಂದರು. ಇಂದು ಬೈಲಕುಪ್ಪೆ, ಮುಂಡಗೋಡುಗಳ ದೊಡ್ಡ ವಿಹಾರಗಳಲ್ಲಿ ಧರ್ಮಕೀರ್ತಿಯ ‘ಪ್ರಮಾಣವಾರ್ತಿಕ’ವನ್ನು ಭಿಕ್ಷುಗಳು ವರ್ಷಗಟ್ಟಲೆ ಅಭ್ಯಸಿಸುತ್ತಾರೆ, ಚಪ್ಪಾಳೆ ತಟ್ಟಿ ವಾದ ಮಾಡುತ್ತಾರೆ. ಅಂದರೆ ಅಕಲಂಕನ ಪೂರ್ವಪಕ್ಷವು ಸಾವಿರ ವರ್ಷಗಳ ಬಳಿಕ ಕರ್ನಾಟಕಕ್ಕೆ ಮರಳಿ ಬಂದಿದೆ. ಯಾತ್ರೆಗೆ ಹೋದ ಶ್ರಾವಕರಲ್ಲಿ ಎಷ್ಟು ಮಂದಿ ಆ ವಾದಾಂಗಣದ ಬಳಿ ನಿಂತು, ಇವರು ಏನನ್ನು ಕುರಿತು ಚರ್ಚಿಸುತ್ತಿದ್ದಾರೆಂದು ಕೇಳಿದ್ದಾರೆ? ಚಪ್ಪಾಳೆಯ ಚಿತ್ರ ತೆಗೆದುಕೊಂಡು ಬಂದವರೇ ಹೆಚ್ಚು.

ತಾರಾದೇವಿಯ ವಿಷಯವೂ ಇದೇ. ಟಿಬೆಟನ್ ಪರಂಪರೆಯಲ್ಲಿ ಅವಳು ಇಪ್ಪತ್ತೊಂದು ರೂಪಗಳಲ್ಲಿ ಪೂಜೆಗೊಳ್ಳುವ ಕರುಣೆಯ ತಾಯಿ. ಕರ್ನಾಟಕಕ್ಕೆ ಅವಳು ಹೊಸಬಳೂ ಅಲ್ಲ. ಗದಗದ ಬಳಿಯ ಡಂಬಳದಲ್ಲಿ ಬುದ್ಧನಿಗೂ ಆರ್ಯತಾರಾದೇವಿಗೂ ವಿಹಾರಗಳಿದ್ದುದನ್ನು ೧೦೯೫ರ ಶಾಸನವು ತಿಳಿಸುತ್ತದೆ. ಬಳ್ಳಿಗಾವೆಯಲ್ಲಿ ೧೦೬೫ರಲ್ಲಿ ಬೌದ್ಧ ವಿಹಾರ ಕಟ್ಟಿಸಿದ ದಾಖಲೆಯಿದೆ. ಆ ಊರಿನಲ್ಲಿಯೇ ಬಸದಿಗಳೂ ಶೈವ ಮಠಗಳೂ ಇದ್ದುವು. ಅವಳ ಪೂಜೆ ಇಲ್ಲಿ ನಿಂತುಹೋದ ಮೇಲೆ ಕನ್ನಡ ಜೈನರಿಗೆ ತಾರೆಯೆಂದರೆ ಕೊಡದೊಳಗಿನ ದನಿ ಮಾತ್ರವಾಯಿತು. ಟಿಬೆಟನ್ ವಿಹಾರಗಳ ಗೋಡೆಯ ಮೇಲಿನ ಕಪಾಲಧಾರಿ ರಕ್ಷಕ ದೇವತೆಗಳನ್ನು ಕಂಡು, ಇದೇನು ಬುದ್ಧನ ಗುಡಿಯೇ ಎಂದು ಮೂಗೆಳೆಯುವ ಯಾತ್ರಿಕರಿದ್ದಾರೆ. ವೀತರಾಗ ಬಿಂಬವನ್ನೇ ನೋಡಿ ಬೆಳೆದ ಕಣ್ಣಿಗೆ ಆ ಉಗ್ರರೂಪಗಳು ಒಗ್ಗದಿರುವುದು ಸಹಜವೇ. ಆದರೆ ಬಸದಿಯ ಅಂಗಳದಲ್ಲಿಯೂ ಕ್ಷೇತ್ರಪಾಲನಿದ್ದಾನೆ, ಪದ್ಮಾವತಿಯಿದ್ದಾಳೆ. ೯೩೯ರಲ್ಲಿ ಮಾನ್ಯಖೇಟದಲ್ಲಿ ಇಂದ್ರನಂದಿಯು ‘ಜ್ವಾಲಾಮಾಲಿನೀ ಕಲ್ಪ’ವನ್ನು ಬರೆದನು. ಶಾಸನದೇವತೆಗೂ ಜಿನನಿಗೂ ಇರುವ ಅಂತರವನ್ನು ಬಲ್ಲ ಶ್ರಾವಕನಿಗೆ ಈ ಗೋಡೆಚಿತ್ರಗಳ ಬಗ್ಗೆ ವಿವೇಕದ ಪ್ರಶ್ನೆಯೊಂದನ್ನು ಕೇಳುವುದು ಇತರರಿಗಿಂತ ಸುಲಭವಾಗಬೇಕು.

ನಮಸ್ಕರಿಸಬೇಕೇ ಬೇಡವೇ ಎಂಬ ಸಂಶಯವೂ ಕುಟುಂಬಗಳಲ್ಲಿ ಏಳುತ್ತದೆ. ಇದಕ್ಕೆ ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಸಾಕಷ್ಟು ಸ್ಪಷ್ಟವಾದ ಅಳತೆಯನ್ನು ಕೊಟ್ಟಿದೆ. ವರದ ಆಸೆಯಿಂದ ರಾಗದ್ವೇಷಯುಕ್ತ ದೇವತೆಗಳನ್ನು ಉಪಾಸಿಸುವುದು ದೇವಮೂಢತೆ. ಪುಣ್ಯವೆಂದು ಭ್ರಮಿಸಿ ಮರಳು ಕಲ್ಲುಗಳನ್ನು ಗುಡ್ಡೆ ಹಾಕುವಂಥವು ಲೋಕಮೂಢತೆ. ಇನ್ನೊಬ್ಬರ ಮನೆಯಲ್ಲಿ ಪಾದರಕ್ಷೆ ಕಳಚಿ, ತಲೆ ತಗ್ಗಿಸಿ, ಮೌನವಾಗಿ ಕುಳಿತುಕೊಳ್ಳುವುದು ಇವೆರಡರಲ್ಲಿ ಯಾವುದೂ ಅಲ್ಲ. ಆದರೆ ಅರ್ಥ ತಿಳಿಯದೆ, ಅದೃಷ್ಟ ಬರಲೆಂದು ಮಂತ್ರಚಕ್ರವನ್ನು ಗಿರ್ರನೆ ತಿರುಗಿಸಿ ನಗುತ್ತಾ ಮುಂದೆ ಹೋಗುವುದು ಲೋಕಮೂಢತೆಗೆ ತೀರ ಸಮೀಪದ್ದು. ವಿಪರ್ಯಾಸವೆಂದರೆ ಯಾತ್ರಿಕರು ಮೊದಲನೆಯದಕ್ಕೆ ಹಿಂಜರಿಯುತ್ತಾರೆ, ಎರಡನೆಯದನ್ನು ಸಂಕೋಚವಿಲ್ಲದೆ ಮಾಡುತ್ತಾರೆ.

ಇಷ್ಟರ ಬಳಿಕ ಉಳಿಯುವುದು ಎಲ್ಲಕ್ಕಿಂತ ಕಷ್ಟವಾದ ಪ್ರಶ್ನೆ. ಟಿಬೆಟನ್ ನೆಲೆಗಳಲ್ಲಿ ಮಾಂಸಾಹಾರವಿದೆ. ಊಟಕ್ಕೆಂದು ಹೋಟೆಲು ಹುಡುಕುವ ಹೊತ್ತಿಗೆ ಇದು ತಿಳಿಯುತ್ತದೆ. ಬೆಳಗ್ಗೆ ಪ್ರಶಾಂತವಾಗಿದ್ದ ವಿಹಾರವು ಮಧ್ಯಾಹ್ನಕ್ಕೆ ಕಪಟವಾಗಿಬಿಡುತ್ತದೆ. ಈ ಎರಡು ತೀರ್ಪುಗಳೂ ಒಂದೇ ಅಜ್ಞಾನದಿಂದ ಹುಟ್ಟಿದವು. ಭಿನ್ನಾಭಿಪ್ರಾಯವು ನಿಜವಾದುದು, ಹಳೆಯದು. ಅದನ್ನು ಸೌಜನ್ಯಕ್ಕಾಗಿ ಮುಚ್ಚಿಡಬೇಕಾಗಿಲ್ಲ. ತನಗಾಗಿ ಕೊಂದದ್ದನ್ನು ನೋಡಿರಬಾರದು, ಕೇಳಿರಬಾರದು, ಶಂಕಿಸಿರಬಾರದು. ಅಂಥ ಮಾಂಸವು ಭಿಕ್ಷೆಯಲ್ಲಿ ಬಂದರೆ ದೋಷವಿಲ್ಲವೆಂದು ಪಾಲಿ ವಿನಯವು ಹೇಳುತ್ತದೆ. ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಮನೋವಚನಕಾಯಗಳಿಂದ ಗುಣಿಸಿ ಒಂಬತ್ತು ಬಗೆಯಲ್ಲಿ ಹಿಂಸೆಯನ್ನು ಎಣಿಸುವ ಜೈನ ಶಾಸ್ತ್ರಕ್ಕೆ ಆ ವಾದವು ಒಪ್ಪಿಗೆಯಾಗುವಂತಿಲ್ಲ. ತಿನ್ನುವವನಿಲ್ಲದೆ ಕೊಲ್ಲುವವನಿಲ್ಲ ಎಂಬಲ್ಲಿ ಜೈನರ ನಿಲುವು ಗಟ್ಟಿಯಾಗಿಯೇ ಇದೆ.

ಆದರೆ ಈ ವಾದವು ಟಿಬೆಟನ್ನರ ಒಳಗೂ ನಡೆದಿದೆ ಎಂಬುದನ್ನು ಯಾತ್ರಿಕನು ತಿಳಿಯಲಾರ, ಏಕೆಂದರೆ ಅವನು ಕೇಳುವುದಿಲ್ಲ. ಹುಲ್ಲುಗಾವಲಿನ ಎತ್ತರದ ಶೀತಲ ನಾಡಿನಲ್ಲಿ ಮಾಂಸವಿಲ್ಲದೆ ಬದುಕುವುದೇ ಕಷ್ಟವಾಗಿದ್ದ ಕಾಲದಲ್ಲಿ ಶಬ್ಕರ್ (೧೭೮೧–೧೮೫೧) ಎಂಬ ಯೋಗಿಯು ಮಾಂಸಾಹಾರವನ್ನು ತ್ಯಜಿಸಿ, ಅದರ ವಿರುದ್ಧ ಗ್ರಂಥಗಳನ್ನು ಬರೆದನು. ಟಿಬೆಟ್ಟಿನ ಮೂಲ ಝೋಗ್‌ಚೆನ್ ವಿಹಾರದ ವಿದ್ಯಾಲಯದಲ್ಲಿ ಪಾಠ ಹೇಳಿದ ಪಟ್ರುಲ್ ರಿಂಪೊಚೆಯು (೧೮೦೮–೧೮೮೭) ಧರ್ಮದ ಹೆಸರಿನಲ್ಲಿ ಲಾಮಾಗಳ ಆತಿಥ್ಯಕ್ಕೆಂದು ಕುರಿಗಳನ್ನು ಕೊಲ್ಲುವುದನ್ನು ತನ್ನ ಪ್ರಸಿದ್ಧ ಗ್ರಂಥದಲ್ಲಿ ಕಟುವಾಗಿ ಖಂಡಿಸಿದನು. ಕೊಲೆಗೆ ಗುರಿಯಾದ ಪ್ರಾಣಿಗಳನ್ನು ಹಣ ಕೊಟ್ಟು ಬಿಡಿಸುವ ಪದ್ಧತಿಯು ಅವರಲ್ಲಿ ಪುಣ್ಯಕಾರ್ಯವಾಗಿ ಉಳಿದಿದೆ. ಜೈನರ ಪಾಂಜರಪೋಳಗಳನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ೨೦೦೭ರ ಜನವರಿಯಲ್ಲಿ ಬೋಧಗಯೆಯಲ್ಲಿ ಹದಿನೇಳನೆಯ ಕರ್ಮಪಾ ಅವರು ತಮ್ಮ ಪರಂಪರೆಯ ವಿಹಾರಗಳ ಅಡುಗೆಮನೆಗಳಲ್ಲಿ ಮಾಂಸ ಬೇಡವೆಂದು ಸಾರಿದರು. ಒಡೆಯರಪಾಳ್ಯಕ್ಕೆ ಹೋದ ಶ್ರಾವಕನು ಪಟ್ರುಲ್ ರಿಂಪೊಚೆಯ ಹೆಸರನ್ನೆತ್ತಿದರೆ ಅಲ್ಲಿ ಒಂದು ಸಂಭಾಷಣೆಯು ಪ್ರಾರಂಭವಾಗಬಹುದು. ಮೂಗೆಳೆದರೆ ಆಗುವುದಿಲ್ಲ.

ಮೂಗೆಳೆಯುವ ಮೊದಲು ದಾರಿಯಲ್ಲಿಯೇ ಒಂದು ನಿಲುಗಡೆ ಒಳ್ಳೆಯದು. ಚಾಮರಾಜನಗರದ, ಅಂದರೆ ಹಿಂದಿನ ಅರಿಕುಠಾರದ, ಪಾರ್ಶ್ವನಾಥ ಬಸದಿಯಲ್ಲಿ ವಿಷ್ಣುವರ್ಧನನ ದಂಡನಾಯಕನಾದ ಪುಣಿಸನ ೧೧೧೭ರ ಶಾಸನವಿದೆ. ತೊದವರನ್ನು ಬೆದರಿಸಿದ್ದು, ಕೊಂಗರನ್ನು ಓಡಿಸಿದ್ದು ಮೊದಲಾದ ಯುದ್ಧವಿಕ್ರಮಗಳನ್ನು ಅದು ಹೆಮ್ಮೆಯಿಂದ ಎಣಿಸುತ್ತದೆ. ಅದೇ ಕಲ್ಲಿನಲ್ಲಿ, ಕೆಟ್ಟುಹೋದ ವ್ಯಾಪಾರಿಗೂ ಬಿತ್ತನೆಯ ಬೀಜವಿಲ್ಲದ ಒಕ್ಕಲಿಗನಿಗೂ ಬೇಕಾದದ್ದನ್ನು ಕೊಟ್ಟು ಕಾಪಾಡಿದ ಅವನ ಔದಾರ್ಯವನ್ನೂ ಹೇಳುತ್ತದೆ. ಜೈನ ಸಮಾಜವು ಈ ದಂಡನಾಯಕನನ್ನು ತನ್ನವನೆಂದು ಸ್ಮರಿಸುತ್ತದೆ, ಸರಿಯಾಗಿಯೇ. ಆದರ್ಶಕ್ಕೂ ಆಚರಣೆಗೂ ನಡುವಿನ ದೂರವನ್ನು ಸ್ವಂತ ಮನೆಯಲ್ಲಿ ತಾಳ್ಮೆಯಿಂದ ವಿವರಿಸಿಕೊಳ್ಳುವವರು ನೆರೆಮನೆಯಲ್ಲಿ ಅದನ್ನು ಕಪಟವೆನ್ನುವುದು ನ್ಯಾಯವಲ್ಲ.

ಇನ್ನೊಂದು ಕಥೆಯಿದೆ, ಇದು ಬೌದ್ಧರದು, ಆದರೆ ಜೈನರ ಬಗ್ಗೆ. ವೈಶಾಲಿಯ ಸೇನಾಪತಿ ಸಿಂಹನು ನಿಗಂಠ ನಾತಪುತ್ತನ, ಅಂದರೆ ಮಹಾವೀರ ಸ್ವಾಮಿಯ, ಅನುಯಾಯಿಯಾಗಿದ್ದವನು ಬುದ್ಧನ ಕಡೆಗೆ ಬಂದನೆಂದು ವಿನಯಪಿಟಕದ ಮಹಾವಗ್ಗವು ಹೇಳುತ್ತದೆ. ಅವನು ಬುದ್ಧನಿಗೆ ಮಾಂಸದೂಟ ಬಡಿಸಿದಾಗ ನಿರ್ಗ್ರಂಥರು ಬೀದಿಬೀದಿಗಳಲ್ಲಿ ಅದನ್ನು ಪ್ರತಿಭಟಿಸಿದರಂತೆ. ಕಥೆಯು ಬೌದ್ಧರ ಪಕ್ಷಪಾತದಿಂದ ಕೂಡಿದೆ. ಜೈನ ಓದುಗನು ಆ ಪ್ರತಿಭಟನೆಯ ಪರವಾಗಿಯೇ ನಿಲ್ಲುತ್ತಾನೆ. ಆದರೆ ಅದರಲ್ಲಿ ಒಂದು ಅಂಶವು ಬೇರೆ ದರ್ಜೆಯದು. ಮತ ಬದಲಿಸಿದ ಸಿಂಹನಿಗೆ ಬುದ್ಧನು ಹೇಳಿದ್ದು: ನಿನ್ನ ಮನೆಯು ಬಹುಕಾಲದಿಂದ ನಿರ್ಗ್ರಂಥರಿಗೆ ನೀರಿನ ಸೆಲೆಯಂತಿತ್ತು, ಅವರು ಬಂದಾಗ ಆಹಾರ ಕೊಡುವುದನ್ನು ನಿಲ್ಲಿಸಬೇಡ. ವಾದ ಬೇರೆ, ಭಿಕ್ಷೆ ಬೇರೆ. ಮಲ್ಲಿಷೇಣ ಪ್ರಶಸ್ತಿಯ ಮಾತನ್ನೂ ಇದನ್ನೂ ಒಟ್ಟಿಗೆ ಓದಿದರೆ, ಎರಡೂ ಕಡೆಯ ಹಿರಿಯರು ಇಂದಿನ ಯಾತ್ರಿಕರಿಗಿಂತ ಹೆಚ್ಚು ವಾದಿಸಿದರು, ಹೆಚ್ಚು ಗೌರವಿಸಿದರು ಎಂಬುದು ತಿಳಿಯುತ್ತದೆ.

ಪ್ರವಾಸಿಯ ದೃಷ್ಟಿದೋಷವು ಹೋದಲ್ಲಿಗೇ ನಿಲ್ಲುವುದಿಲ್ಲ, ಮನೆಗೂ ಬರುತ್ತದೆ. ‘ಅಲ್ಲಿ ಎಷ್ಟು ಶಾಂತಿ, ನಮ್ಮ ಕ್ಷೇತ್ರಗಳಲ್ಲಿಯೂ ಹಾಗೆ ಮಾಡಬೇಕು’ ಎಂಬ ಮಾತು ಟ್ರಸ್ಟುಗಳ ಸಭೆಗಳಲ್ಲಿ ಕೇಳಿಬರುತ್ತದೆ. ಆ ಮಾತಿನ ಫಲವಾಗಿ ಏಳುವುದು ಉದ್ಯಾನ, ಕಾರಂಜಿ, ದೀಪಾಲಂಕಾರ, ಬೆಟ್ಟದ ತುದಿಯವರೆಗೆ ಡಾಂಬರು ರಸ್ತೆ. ವಿಹಾರದಿಂದ ಕಲಿಯಬೇಕಾದುದು ಉದ್ಯಾನವಲ್ಲ. ಎಂಟು ಹತ್ತು ವರ್ಷದ ಬಾಲಕರಿಗೆ ಪ್ರತಿದಿನ ಶಾಸ್ತ್ರ ಹೇಳಿಕೊಡುವ, ನಾಡು ಕಳೆದುಕೊಂಡರೂ ಪಾಠ ಕಳೆದುಕೊಳ್ಳದ ವ್ಯವಸ್ಥೆ. ಪೂಜ್ಯಪಾದರ ನೆನಪು ಹೊತ್ತ, ದೇವಚಂದ್ರನು ಹುಟ್ಟಿದ ಮಲೆಯೂರು ಕನಕಗಿರಿಯು ತೆರಕಣಾಂಬಿಗೆ ನೆರೆಯಲ್ಲಿದೆ. ಪೂಜ್ಯಪಾದರ ‘ಸರ್ವಾರ್ಥಸಿದ್ಧಿ’ಯ ಒಂದು ಅಧ್ಯಾಯವನ್ನು ಅರ್ಥಸಹಿತವಾಗಿ ಒಪ್ಪಿಸಬಲ್ಲ ಹತ್ತು ಬಾಲಕರನ್ನು ಸಿದ್ಧಪಡಿಸಲು ತಗಲುವ ವೆಚ್ಚವು ಒಂದು ಕಾರಂಜಿಯ ವೆಚ್ಚಕ್ಕಿಂತ ಹೆಚ್ಚಾಗಲಾರದು.

ಯಾತ್ರೆಯ ಕಾಲದ ಬಗ್ಗೆಯೂ ಒಂದು ಮಾತು ಅಗತ್ಯ. ಮಹಾವಗ್ಗದ ಮೂರನೆಯ ಭಾಗದಲ್ಲಿ ಬೌದ್ಧರ ವರ್ಷಾವಾಸವು ಹೇಗೆ ಆರಂಭವಾಯಿತೆಂಬ ವೃತ್ತಾಂತವಿದೆ. ಶಾಕ್ಯಪುತ್ರನ ಶ್ರಮಣರು ಮಳೆಗಾಲದಲ್ಲಿಯೂ ತಿರುಗಾಡುತ್ತಾರೆ, ಹಸಿರು ಹುಲ್ಲನ್ನು ತುಳಿಯುತ್ತಾರೆ, ಏಕೇಂದ್ರಿಯ ಜೀವಗಳನ್ನು ನೋಯಿಸುತ್ತಾರೆ, ಸಣ್ಣ ಪ್ರಾಣಿಗಳನ್ನು ಕೊಲ್ಲುತ್ತಾರೆ. ಬೇರೆ ಮತದ ಸಾಧುಗಳಾದರೋ ಮಳೆಗಾಲದಲ್ಲಿ ಒಂದೆಡೆ ನಿಲ್ಲುತ್ತಾರೆ ಎಂದು ಜನರು ಆಕ್ಷೇಪಿಸಿದರಂತೆ. ಆ ಆಕ್ಷೇಪವನ್ನು ಕೇಳಿ ಬುದ್ಧನು ತನ್ನ ಭಿಕ್ಷುಗಳಿಗೂ ವರ್ಷಾವಾಸವನ್ನು ವಿಧಿಸಿದನು. ‘ಏಕೇಂದ್ರಿಯ ಜೀವ’ವೆಂಬ ಮಾತು ಯಾರ ಪರಿಭಾಷೆಯೆಂದು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಟಿಬೆಟನ್ ವಿಹಾರಗಳಲ್ಲಿ ಆ ವ್ರತವು ಇಂದಿಗೂ ನಡೆಯುತ್ತದೆ. ಜೈನ ಮುನಿಗಳ ಚಾತುರ್ಮಾಸವೂ ಆ ತಿಂಗಳುಗಳಲ್ಲಿಯೇ ಬರುತ್ತದೆ. ಒಡೆಯರಪಾಳ್ಯದ ಹೊಲಗಳು ಹಸಿರಾಗಿ, ಪತ್ರಿಕೆಗಳ ಪುರವಣಿಗಳು ‘ಮಳೆಗಾಲದ ವಿಹಾರತಾಣ’ಗಳ ಪಟ್ಟಿಯನ್ನು ಅಚ್ಚು ಹಾಕುವುದೂ ಆಗಲೇ. ಆ ಪಟ್ಟಿಯನ್ನು ನೋಡಿ ಆಷಾಢದಲ್ಲಿ ಬಸ್ಸು ಗೊತ್ತುಮಾಡುವ ಟ್ರಸ್ಟುಗಳು, ಎರಡು ಪರಂಪರೆಗಳ ಸಾಧುಗಳೂ ಹೆಜ್ಜೆ ಎತ್ತದೆ ಕುಳಿತಿರುವ ದಿನಗಳಲ್ಲಿ ಶ್ರಾವಕರನ್ನು ಯಾವ ವಿಹಾರಕ್ಕೆ ಕರೆದೊಯ್ಯುತ್ತಿದ್ದೇವೆಂದು ಮುಂದಿನ ಸಭೆಯಲ್ಲಿ ವಿಚಾರಿಸಬಹುದು.